ಯಾರೂ ನುಂಗದ ಒಂದು ಬಿಳಿ ಪುಡಿ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. "ಏನ್ರೀ, ಬ್ಲಾಗಿಗೆ ಬೀಗ ಹಾಕಿದ್ರಾ?" ಅಂತ ಇಬ್ಬರು ಮೂವರು ಮೇಲ್ ಮಾಡಿ ಕೇಳಿದ್ದೂ ಆಯ್ತು. ಬೀಗ ಹಾಕಿಲ್ಲ, ಬರೆಯೋಕೆ ಏನೂ ಹೊಳೆದಿರಲಿಲ್ಲ ಅಷ್ಟೆ. ಮೊನ್ನೆ ಮೆಡಿಕಲ್ ಶಾಪಿನ ಮುಂದೆ ನಿಂತಿದ್ದಾಗ ಒಂದು ವಿಷಯ ಸಿಕ್ಕಿತು. ಸ್ವಲ್ಪ ಕೆಮಿಸ್ಟ್ರಿ ಇದೆ, ಹೆದರಬೇಡಿ. ಪಿಯುಸಿಯಲ್ಲಿ ಬೆಂಜೀನ್ ಉಂಗುರ ನೋಡಿ ಕಾಮರ್ಸಿಗೆ ಓಡಿದವರಿಗೂ ಅರ್ಥವಾಗೋ ಹಾಗೆ ಬರೆಯೋ ಪ್ರಯತ್ನ ಮಾಡ್ತೀನಿ :-)

ನನ್ನ ತಂಗಿಯ ಮಗಳಿಗೆ ಮೂರು ವರ್ಷ. ಎರಡು ದಿನದಿಂದ ಜ್ವರ, ಕಿವಿ ಹಿಡಿದುಕೊಂಡು ಒಂದೇ ಅಳು. ಡಾಕ್ಟರು ಕಿವಿ ನೋಡಿ ಅಮಾಕ್ಸಿಸಿಲಿನ್ ಡ್ರೈ ಸಿರಪ್ ಬರೆದುಕೊಟ್ಟರು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಸಾರ್, ಈ ಕಂಪನಿದು ಖಾಲಿ. ಬೇರೆ ಕಂಪನಿದು ಕೊಡ್ಲಾ? ಒಳಗಿರೋದು ಎಲ್ಲಾ ಒಂದೇ" ಅಂದ. ಅವನ ಹಿಂದಿನ ಶೆಲ್ಫಿನಲ್ಲಿ ಬಣ್ಣಬಣ್ಣದ ಡಬ್ಬಿಗಳು. ಒಂದರ ಮೇಲೆ ಆನೆಮರಿ, ಒಂದರ ಮೇಲೆ ಸ್ಟ್ರಾಬೆರಿ. ಒಂದಿಲ್ಲ ಅಂದ್ರೆ ಇನ್ನೊಂದು.

"ಒಳಗಿರೋದು ಎಲ್ಲಾ ಒಂದೇ" ಅನ್ನೋ ಮಾತು ಎಷ್ಟು ನಿಜ ಅನ್ನೋದು ಆ ಹುಡುಗನಿಗೂ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಯಾಕಂದ್ರೆ ಕೆಲವು ವರ್ಷ ನನ್ನ ಅನ್ನ ಅದರಿಂದಲೇ ಬಂದಿದ್ದು. ಊರ ಹೊರಗಿನ ಒಂದು ಸಣ್ಣ ಬಲ್ಕ್ ಡ್ರಗ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಕಂಟ್ರೋಲ್ ಲ್ಯಾಬಿನ ಕೆಮಿಸ್ಟ್ ಆಗಿದ್ದೆ. ಅಲ್ಲಿ ನನ್ನ ಮೇಜಿಗೆ ಪದೇ ಪದೇ ಬರ್ತಿದ್ದ ಸ್ಯಾಂಪಲ್ ಅಂದ್ರೆ ಒಂದು ಬಿಳಿ ಪುಡಿ. ಹೆಸರು 6-ಅಮಿನೋಪೆನಿಸಿಲಾನಿಕ್ ಆಸಿಡ್. ಅಷ್ಟುದ್ದ ಹೇಳೋಕೆ ಯಾರಿಗೂ ಪುರುಸೊತ್ತಿಲ್ಲ, ಎಲ್ಲರ ಬಾಯಲ್ಲೂ ಅದು "ಸಿಕ್ಸ್ ಎಪಿಎ". ನಾನು 6-ಎಪಿಎ ಅಂತ ಬರೀತೀನಿ.

ಈ ಪುಡಿಯನ್ನು ಯಾವ ರೋಗಿಯೂ ನುಂಗೋದಿಲ್ಲ. ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯೋದಿಲ್ಲ. ಇದು ಔಷಧವೇ ಅಲ್ಲ, ಔಷಧ ಮಾಡೋ ದಾರಿಯಲ್ಲಿ ಮಧ್ಯೆ ಬರೋ ವಸ್ತು. ಕಾರ್ಖಾನೆ ಭಾಷೆಯಲ್ಲಿ ಇಂಟರ್ಮೀಡಿಯೇಟ್. ಆದರೆ ಇದಿಲ್ಲದಿದ್ದರೆ ಆ ಶೆಲ್ಫಿನ ಆನೆಮರಿಯೂ ಇಲ್ಲ, ಸ್ಟ್ರಾಬೆರಿಯೂ ಇಲ್ಲ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಾಕ್ಸಸಿಲಿನ್... ಎಲ್ಲದರ ಹೊಟ್ಟೆಯಲ್ಲೂ ಇದೇ. ದೋಸೆ, ಪಡ್ಡು, ಉತ್ತಪ್ಪ ಅಂತ ಮೆನುವಿನಲ್ಲಿ ಏನೇ ಬರೆದಿರಲಿ, ಒಳಗೆ ರುಬ್ಬಿಟ್ಟ ಹಿಟ್ಟು ಒಂದೇ ಅಲ್ವಾ, ಹಾಗೆ.

ಸರಿ, ಈಗ ಆ ಪುಡಿಯ ಒಳಗೆ ಏನಿದೆ ನೋಡೋಣ.

ಇದರ ಒಂದು ಅಣುವಿನಲ್ಲಿ 8 ಕಾರ್ಬನ್, 12 ಹೈಡ್ರೋಜನ್, 2 ನೈಟ್ರೋಜನ್, 3 ಆಕ್ಸಿಜನ್, 1 ಗಂಧಕದ ಪರಮಾಣು. ಅಣುತೂಕ 216. ನಡುವೆ ಒಂದಕ್ಕೊಂದು ಅಂಟಿಕೊಂಡ ಎರಡು ಉಂಗುರಗಳು. ಒಂದು ಐದು ಮೂಲೆಯದ್ದು, ಇನ್ನೊಂದು ನಾಲ್ಕು ಮೂಲೆಯದ್ದು. ಬೆಂಜೀನ್ ಉಂಗುರದಲ್ಲಿ ಎಲ್ಲಾ ಮೂಲೆಗಳಲ್ಲೂ ಕಾರ್ಬನ್ನೇ ಕೂತಿರುತ್ತೆ. ಇಲ್ಲಿ ಹಾಗಲ್ಲ, ಕಾರ್ಬನ್ನುಗಳ ಮಧ್ಯೆ ನೈಟ್ರೋಜನ್ನೂ ಗಂಧಕವೂ ಜಾಗ ಹಿಡಿದಿವೆ. ಇಂಥ ಮಿಶ್ರ ಉಂಗುರಗಳನ್ನೇ ಹೆಟೆರೋಸೈಕ್ಲಿಕ್ ಅನ್ನೋದು. ನಮ್ಮ ಔಷಧಗಳಲ್ಲಿ ಬಹುಪಾಲು ಇಂಥ ಉಂಗುರ ಇಟ್ಟುಕೊಂಡವೇ.

ಆ ನಾಲ್ಕು ಮೂಲೆಯ ಉಂಗುರದ ಹೆಸರು ಬೀಟಾ-ಲ್ಯಾಕ್ಟಮ್. ಕಥೆಯ ಜೀವ ಇರೋದು ಅಲ್ಲೇ. ಪರಮಾಣುಗಳಿಗೆ ತಮ್ಮ ತೋಳುಗಳನ್ನು ಅಗಲವಾಗಿ ಚಾಚಿಕೊಂಡಿರೋದು ಇಷ್ಟ. ನಾಲ್ಕು ಮೂಲೆಯ ಉಂಗುರದಲ್ಲಿ ಅವನ್ನು ಹೆಚ್ಚುಕಡಿಮೆ 90 ಡಿಗ್ರಿಗೆ ಮಡಿಸಿ ಕೂರಿಸಿದಂತೆ. ಬಗ್ಗಿಸಿ ಕಟ್ಟಿದ ಬಿದಿರಿನ ಹಾಗೆ ಅದು ಯಾವಾಗಲೂ ಬಿಗಿದುಕೊಂಡಿರುತ್ತೆ, ಸ್ವಲ್ಪ ಸಂದು ಸಿಕ್ಕರೆ ಬಿಚ್ಚಿಕೊಳ್ಳೋಕೆ ಕಾಯ್ತಿರುತ್ತೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟೋಕೆ ಬಳಸೋ ಎನ್‌ಝೈಮು ಈ ಉಂಗುರವನ್ನು ತನ್ನದೇ ಇಟ್ಟಿಗೆ ಅಂತ ತಪ್ಪು ತಿಳಿದು ಹಿಡಿದುಕೊಳ್ಳುತ್ತೆ. ಉಂಗುರ ಪಟಕ್ ಅಂತ ಬಿಚ್ಚಿ ಆ ಎನ್‌ಝೈಮಿಗೇ ಅಂಟಿಕೊಳ್ಳುತ್ತೆ. ಮೇಸ್ತ್ರಿಯ ಕೈಗೆ ಕರಣೆ ಅಂಟಿಹೋದ ಹಾಗೆ. ಗೋಡೆ ಮೇಲೇಳಲ್ಲ, ಬ್ಯಾಕ್ಟೀರಿಯಾ ಒಡೆದುಹೋಗುತ್ತೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಹಾಗಾಗಿ ನಮಗೆ ತೊಂದರೆಯಿಲ್ಲ.

ಡ್ರೈ ಸಿರಪ್ ಪುಡಿಯಾಗೇ ಯಾಕೆ ಬರುತ್ತೆ, ಕುದಿಸಿ ಆರಿಸಿದ ನೀರನ್ನು ಗೆರೆವರೆಗೂ ನಾವೇ ಯಾಕೆ ಹಾಕಿಕೊಳ್ಳಬೇಕು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಅದಕ್ಕೂ ಕಾರಣ ಇದೇ ಉಂಗುರ. ನೀರು ಸೋಕಿದರೆ ನಿಧಾನಕ್ಕೆ ತಾನಾಗೇ ಬಿಚ್ಚಿಕೊಳ್ಳುತ್ತೆ. ಬೆರೆಸಿದ ಮೇಲೆ ಇಷ್ಟು ದಿನದೊಳಗೆ ಮುಗಿಸಿ ಅಂತ ಲೇಬಲ್ಲಿನಲ್ಲಿ ಬರೆದಿರೋದು ಕಂಪನಿಯ ವ್ಯಾಪಾರದ ಚಾಲಾಕಿ ಅಲ್ಲ. ಲ್ಯಾಬಿನಲ್ಲಿ ನಾವೂ ಅಷ್ಟೇ, 6-ಎಪಿಎ ಡ್ರಮ್ ತೆರೆದ ತಕ್ಷಣ ಮೊದಲು ನೋಡ್ತಿದ್ದದ್ದು ತೇವಾಂಶ.

6-ಎಪಿಎಯ ಒಂದು ತಮಾಷೆ ಅಂದ್ರೆ, ಉಂಗುರ ಇದ್ದೂ ಅದಕ್ಕೆ ತಾನಾಗಿ ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಬಹಳ ಕಡಿಮೆ. ಅದರ ಒಂದು ತುದಿಯಲ್ಲಿ ಅಮಿನೋ ಗುಂಪು ಖಾಲಿ ಕೈ ಚಾಚಿಕೊಂಡಿದೆ. ಆ ಕೈಗೆ ನೀವು ಏನು ಹಿಡಿಸ್ತೀರೋ ಅದರ ಮೇಲೆ ಔಷಧದ ಗುಣ. ಒಂದು ಬಗೆಯ ಬಾಲ ಹಚ್ಚಿದರೆ ಆಂಪಿಸಿಲಿನ್. ಹಳೇ ಪೆನಿಸಿಲಿನ್‌ಗೆ ಬಗ್ಗದ ಎಷ್ಟೋ ಬ್ಯಾಕ್ಟೀರಿಯಾಗಳನ್ನು ಇದು ಕೊಲ್ಲುತ್ತೆ. ಅದೇ ಬಾಲಕ್ಕೆ ಇನ್ನೊಂದೇ ಒಂದು ಆಕ್ಸಿಜನ್ ಸೇರಿಸಿದರೆ ಅಮಾಕ್ಸಿಸಿಲಿನ್, ಹೊಟ್ಟೆಯಿಂದ ರಕ್ತಕ್ಕೆ ಚೆನ್ನಾಗಿ ಸೇರುತ್ತೆ. ಬ್ಯಾಕ್ಟೀರಿಯಾದ ಕತ್ತರಿ ಉಂಗುರದ ಹತ್ತಿರ ಬಾರದ ಹಾಗೆ ದಪ್ಪ ಬಾಲ ಹಚ್ಚಿದರೆ ಕ್ಲಾಕ್ಸಸಿಲಿನ್.

ಇದು ಸಿಕ್ಕಿದ ಕಥೆ ನನಗೆ ಬಹಳ ಇಷ್ಟ. 1957ರಲ್ಲಿ ಇಂಗ್ಲೆಂಡಿನ ಸರ್ರೇ ಜಿಲ್ಲೆಯ ಬ್ರಾಕಮ್ ಪಾರ್ಕಿನಲ್ಲಿದ್ದ ಬೀಚಮ್ ಕಂಪನಿಯ ಸಂಶೋಧನಾಲಯದಲ್ಲಿ ಬ್ಯಾಚಲರ್, ಡಾಯ್ಲ್, ನೇಲರ್, ರೋಲಿನ್ಸನ್ ಅನ್ನೋ ನಾಲ್ವರು ಪೆನಿಸಿಲಿನ್ ಕೊಳೆಹಾಕಿದ ರಸವನ್ನು ಅಳೀತಿದ್ದರು. ರಾಸಾಯನಿಕ ವಿಧಾನದಲ್ಲಿ ಅಳೆದರೆ ಪೆನಿಸಿಲಿನ್ ಜಾಸ್ತಿ ತೋರಿಸ್ತಿತ್ತು. ಬ್ಯಾಕ್ಟೀರಿಯಾ ಕೊಂದು ಅಳೆದರೆ ಕಡಿಮೆ. ಎರಡು ಲೆಕ್ಕ ತಾಳೆಯಾಗಲಿಲ್ಲ. ನನ್ನಂಥ ಲ್ಯಾಬಿನವನಾಗಿದ್ದರೆ "ಯಾರೋ ಪಿಪೆಟ್ ಸರಿಯಾಗಿ ಹಿಡಿದಿಲ್ಲ, ಇನ್ನೊಂದ್ಸಲ ಮಾಡ್ರಪ್ಪಾ" ಅಂತ ಹೇಳಿ ಟೀ ಕುಡಿಯೋಕೆ ಹೋಗ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಪೆನಿಸಿಲಿನ್ ಹಾಗೇ ಕಾಣೋ, ಆದರೆ ಕೊಲ್ಲದ ಇನ್ನೊಂದು ವಸ್ತು ರಸದಲ್ಲಿದೆ ಅಂತ ಯೋಚಿಸಿ ಅದನ್ನು ಬೇರ್ಪಡಿಸಿದರು. ಅದೇ 6-ಎಪಿಎ, ಬಾಲವಿಲ್ಲದ ಪೆನಿಸಿಲಿನ್. 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಮೆರಿಕದ ಎಂಐಟಿಯಲ್ಲಿ ಜಾನ್ ಶೀಹನ್ ಕೂಡ ಅದೇ ಕಾಲದಲ್ಲಿ ಇದನ್ನು ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದ್ದರು.

ಆಮೇಲೆ ಬಾಗಿಲು ತೆರೆದ ಹಾಗಾಯ್ತು. 1960ರಲ್ಲಿ ಮೆಥಿಸಿಲಿನ್, 1961ರಲ್ಲಿ ಆಂಪಿಸಿಲಿನ್, 1972ರಲ್ಲಿ ಅಮಾಕ್ಸಿಸಿಲಿನ್. ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂರಲಿಲ್ಲ ಅನ್ನಿ. ಮೆಥಿಸಿಲಿನ್‌ಗೆ ಬಗ್ಗದ ಸ್ಟಫೈಲೋಕಾಕಸ್ ಬ್ರಿಟನ್ನಿನಲ್ಲಿ 1961ರಲ್ಲೇ ವರದಿಯಾಯ್ತು.

ಈಗ ಇದನ್ನು ಮಾಡೋದು ಹೇಗೆ? ಮೊದಲು ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ಪೆನಿಸಿಲಿಯಮ್ ಬೂಷ್ಟು ಬೆಳೆಸಿ ಪೆನಿಸಿಲಿನ್-ಜಿ ತೆಗೀತಾರೆ. ಅದರ ಬಾಲ ಕತ್ತರಿಸಿದರೆ 6-ಎಪಿಎ. ಕಷ್ಟ ಇರೋದು ಇಲ್ಲೇ. ಬಾಲದ ಬಂಧ ಗಟ್ಟಿ, ಉಂಗುರದ ಬಂಧ ನಾಜೂಕು. ಮಾಮೂಲಿ ಆಸಿಡ್ಡೋ ಕ್ಷಾರವೋ ಹಾಕಿದರೆ ಬಾಲಕ್ಕಿಂತ ಮೊದಲು ಉಂಗುರವೇ ಹೋಗಿಬಿಡುತ್ತೆ. ಹಿಂದೆ ಫಾಸ್ಫರಸ್ ಪೆಂಟಾಕ್ಲೋರೈಡ್ ಅನ್ನೋ ಉಗ್ರ ರಾಸಾಯನಿಕ ಹಾಕಿ, ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ ತಣ್ಣಗಿಟ್ಟುಕೊಂಡು, ಕ್ಲೋರಿನ್ ಇರೋ ದ್ರಾವಕಗಳಲ್ಲಿ ಮಾಡ್ತಿದ್ದರು. ಈಗ ಆ ಕೆಲಸವನ್ನು ಬ್ಯಾಕ್ಟೀರಿಯಾದಿಂದ ತೆಗೆದ ಪೆನಿಸಿಲಿನ್ ಅಸೈಲೇಸ್ ಅನ್ನೋ ಎನ್‌ಝೈಮು ಮಾಡುತ್ತೆ. ಬರೀ ನೀರಿನಲ್ಲಿ, ಬೆಚ್ಚಗಿನ ಉಷ್ಣಾಂಶದಲ್ಲಿ, ಪಿಎಚ್ 8ರ ಆಸುಪಾಸಿನಲ್ಲಿ. ಉಂಗುರ ಮುಟ್ಟದೆ ಬಾಲ ಮಾತ್ರ ಕತ್ತರಿಸುತ್ತೆ. ಆಮೇಲೆ ಆಸಿಡ್ ಹಾಕಿ ಪಿಎಚ್ 4ರ ಹತ್ತಿರ ತಂದರೆ 6-ಎಪಿಎ ನೀರಿನಲ್ಲಿ ಕರಗಿರಲಾರದೆ ಹರಳಾಗಿ ಕೆಳಗೆ ಕೂರುತ್ತೆ. ಸೋಸು, ತೊಳಿ, ಒಣಗಿಸು, ಡ್ರಮ್ಮಿಗೆ ತುಂಬು. ಕತ್ತರಿಸಿದ ಬಾಲವನ್ನೂ ಬಿಸಾಡಬೇಕಿಲ್ಲ, ತೊಳೆದು ಮತ್ತೆ ಬೂಷ್ಟಿಗೇ ಉಣಿಸಬಹುದು.

ಕಾಗದದ ಮೇಲೆ ಎಷ್ಟು ಸಲೀಸು ನೋಡಿ. ಹಾಗಾದ್ರೆ ನಾನು ಟೆಸ್ಟ್ ಮಾಡ್ತಿದ್ದ ಡ್ರಮ್ಮುಗಳು ಎಲ್ಲಿಂದ ಬರ್ತಿದ್ದವು? ಚೀನಾದಿಂದ. ಯಾವಾಗಲೂ.

ಒಂದು ವರ್ಷ ಡ್ರಮ್ಮುಗಳು ಬರಲಿಲ್ಲ. ಅಲ್ಲಿ ಯಾವುದೋ ಕಾರ್ಖಾನೆ ನಿಂತಿದೆಯಂತೆ, ದರ ಏರಿದೆಯಂತೆ, ಹಡಗು ಹೊರಟಿಲ್ಲವಂತೆ... ದಿನಕ್ಕೊಂದು ಸುದ್ದಿ. ನಮ್ಮ ಸ್ಟೋರಿನಲ್ಲಿದ್ದದ್ದು ಮುಗೀತು. ರಿಯಾಕ್ಟರುಗಳನ್ನು ತೊಳೆದು ಬಾಯಿ ಮುಚ್ಚಿಟ್ಟರು. ಕಾಂಟ್ರ್ಯಾಕ್ಟ್ ಕೆಲಸದವರನ್ನು "ಫೋನ್ ಮಾಡ್ತೀವಿ, ಆಗ ಬನ್ನಿ" ಅಂತ ಮನೆಗೆ ಕಳಿಸಿದರು. ನಮ್ಮ ಪುಡಿ ಕೊಳ್ಳುತ್ತಿದ್ದ ಕ್ಯಾಪ್ಸೂಲ್ ಕಂಪನಿಯವರು ಸರ್ಕಾರಿ ಆಸ್ಪತ್ರೆಗಳ ಟೆಂಡರ್ ಹಿಡಿದಿದ್ದರು. ಅವರು ದಿನಾ ಫೋನ್ ಮಾಡಿ ಬೈಯ್ಯೋದು, ನಮ್ಮ ಮ್ಯಾನೇಜರು ತಲೆ ಕೆರೆದುಕೊಳ್ಳೋದು. ನಾನು ಖಾಲಿ ಲ್ಯಾಬಿನಲ್ಲಿ ಕೂತು ಬ್ಯೂರೆಟ್ ಒರೆಸ್ತಾ ಇದ್ದೆ. ಆಗ ಮೊದಲ ಸಲ ಹೊಳೆದದ್ದು ಇದು. ಅಂಗಡಿಯಲ್ಲಿ ಇಪ್ಪತ್ತು ಬ್ರಾಂಡಿದೆ ಅಂತ ನಾವು ನಿಶ್ಚಿಂತೆಯಿಂದ ಇರ್ತೀವಿ. ಆ ಇಪ್ಪತ್ತು ನಲ್ಲಿಗಳ ಹಿಂದೆ ಇರೋದು ಒಂದೇ ಪೈಪು. ಪೈಪಿನ ಗೇಟ್‌ವಾಲ್ವು ನಮ್ಮ ಕೈಯಲ್ಲಿಲ್ಲ.

ಹಾಗಂತ ನಮಗೆ ಇದನ್ನು ಮಾಡೋಕೆ ಬರ್ತಿರಲಿಲ್ಲ ಅಂತಲ್ಲ. ಪುಣೆ ಹತ್ತಿರ ಪಿಂಪ್ರಿಯಲ್ಲಿ 1954ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಶುರುವಾಯ್ತು. ಪೆನಿಸಿಲಿನ್ ಮಾಡೋದೇ ಅದರ ಮೊದಲ ಕೆಲಸ. ಸೋವಿಯತ್ ನೆರವಿನಿಂದ ಹೃಷಿಕೇಶದಲ್ಲಿ ಐಡಿಪಿಎಲ್‌ನ ಕಾರ್ಖಾನೆ ಬಂತು. ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿ 1981ರಲ್ಲಿ ಹುಟ್ಟಿದ್ದೂ ಪಿಂಪ್ರಿಯ ಆ ಸಂಸ್ಥೆ ಮತ್ತು ನಮ್ಮ ರಾಜ್ಯದ ಕೈಗಾರಿಕಾ ನಿಗಮ ಸೇರಿ. ಅದು ಇಂಜೆಕ್ಷನ್, ಕ್ಯಾಪ್ಸೂಲ್ ಮಾಡೋ ಕಂಪನಿ, ಅಂದ್ರೆ ದಾರಿಯ ಕೊನೆಯ ಮಜಲು. ಖಾಸಗಿಯವರೂ ಪೆನಿಸಿಲಿನ್-ಜಿ, 6-ಎಪಿಎ ಮಾಡ್ತಿದ್ದರು.

1990ರ ದಶಕದಲ್ಲಿ ಆಮದಿನ ಬಾಗಿಲು ತೆರೆಯಿತು. ಚೀನಾದವರು ಭಾರೀ ಗಾತ್ರದ ಟ್ಯಾಂಕುಗಳನ್ನು ಹಾಕಿದರು. ಬೂಷ್ಟು ಬೆಳೆಸೋಕೆ ದಿನದ 24 ಗಂಟೆ ಶುದ್ಧ ಗಾಳಿ ಊದಬೇಕು, ಕಲಕಬೇಕು, ತಣ್ಣಗಿಡಬೇಕು. ಎಲ್ಲಕ್ಕೂ ಕರೆಂಟು. ಟ್ಯಾಂಕು ದೊಡ್ಡದಾದಷ್ಟೂ, ಕರೆಂಟು ಅಗ್ಗವಾದಷ್ಟೂ ಕಿಲೋ ದರ ಇಳಿಯುತ್ತೆ. ನಮ್ಮವರು ಆ ದರಕ್ಕೆ ಮಾರಲಾಗದೆ ಒಬ್ಬೊಬ್ಬರಾಗಿ ಟ್ಯಾಂಕು ಖಾಲಿ ಮಾಡಿದರು. ಪಿಂಪ್ರಿಯ ಸಂಸ್ಥೆಯೂ ಅದೇ ದಶಕದಲ್ಲಿ ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. ಔಷಧ ಮಾಡೋ ಕಂಪನಿಗೇ ರೋಗ!

ನಾನು ಚೀನಾದವರನ್ನು ಬೈಯ್ಯೋಕೆ ಈ ಪೋಸ್ಟ್ ಬರೀತಿಲ್ಲ. ಅವರ ಮಾಲು ಚೆನ್ನಾಗಿತ್ತು, ನನ್ನ ಟೆಸ್ಟುಗಳಲ್ಲಿ ಫೇಲಾದ ಡ್ರಮ್ಮುಗಳು ಬೆರಳೆಣಿಕೆಯಷ್ಟು. ಅಗ್ಗದ ಮಾಲಿನಿಂದ ನಮ್ಮ ಬಡವರಿಗೆ ಅಗ್ಗದ ಕ್ಯಾಪ್ಸೂಲ್ ಸಿಕ್ಕಿದ್ದೂ ನಿಜ. ಹಳೇ ಸಹೋದ್ಯೋಗಿಯೊಬ್ಬರು ಈಗಲೂ ನನ್ನ ಜೊತೆ ಇದೇ ಜಗಳ ತೆಗೀತಾರೆ. "ಅಲ್ಲಯ್ಯಾ, ಸ್ವದೇಶಿ ಅಂತ ಹೇಳಿಕೊಂಡು ಕೂಲಿ ಮಾಡೋನ ಹತ್ರ ಜಾಸ್ತಿ ದುಡ್ಡು ಕಿತ್ಕೋಬೇಕಾ? ನೀನು ಕೊಡ್ತೀಯ, ಅವನು ಯಾಕೆ ಕೊಡಬೇಕು?" ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ದೇಶಭಕ್ತಿಯ ಮಾತಾಡೋದು ತಪ್ಪು. ಅದಕ್ಕೇ ನಾನು ಒಂದು ಲೆಕ್ಕ ಹಾಕಿದೆ, ನೀವೂ ಹಾಕಿ ನೋಡಿ.

6-ಎಪಿಎಯ ಅಣುತೂಕ 216, ಅಮಾಕ್ಸಿಸಿಲಿನ್‌ನದು 365. ಅಂದ್ರೆ 500 ಮಿಲಿಗ್ರಾಂ ಕ್ಯಾಪ್ಸೂಲ್ ಒಂದಕ್ಕೆ ಕಾಗದದ ಲೆಕ್ಕದಲ್ಲಿ 296 ಮಿಲಿಗ್ರಾಂ 6-ಎಪಿಎ ಬೇಕು. ಸೋಸೋದ್ರಲ್ಲಿ, ಒಣಗಿಸೋದ್ರಲ್ಲಿ ಹೋಗೋದು ಸೇರಿಸಿ 330 ಅಂತ ಹಿಡಿಯೋಣ. ಒಂದು ಕಿಲೋ ಪುಡಿಯಿಂದ 3,000 ಕ್ಯಾಪ್ಸೂಲ್. ಈಗ ನಮ್ಮ ದೇಶದಲ್ಲಿ ಮಾಡಿದ 6-ಎಪಿಎ ಹೊರಗಿನದಕ್ಕಿಂತ ಕಿಲೋಗೆ 500 ರೂಪಾಯಿ ದುಬಾರಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಕ್ಯಾಪ್ಸೂಲಿಗೆ ಬೀಳೋದು ಸುಮಾರು 17 ಪೈಸೆ. ದಿನಕ್ಕೆ ಮೂರರಂತೆ ಐದು ದಿನದ ಕೋರ್ಸಿಗೆ 15 ಕ್ಯಾಪ್ಸೂಲ್, ಒಟ್ಟು ಎರಡೂವರೆ ರೂಪಾಯಿ.

ಎರಡೂವರೆ ರೂಪಾಯಿ! ಒಂದು ಕಪ್ ಟೀ ಕೂಡ ಬರಲ್ಲ. ಆದರೆ ಕಾರ್ಖಾನೆಗೆ ಅದೇ 500 ರೂಪಾಯಿ ಜೀವ ಉಳಿಸೋದೋ ಬಾಗಿಲು ಮುಚ್ಚೋದೋ ಅನ್ನೋ ವ್ಯತ್ಯಾಸ. ಮಧ್ಯದ ವಸ್ತುವಿನ ಗುಟ್ಟೇ ಇದು. ತಿನ್ನೋನಿಗೆ ಪೈಸೆಯ ಲೆಕ್ಕ, ಮಾಡೋನಿಗೆ ಪ್ರಾಣದ ಲೆಕ್ಕ. ನಾವು ಆ ಪೈಸೆ ಉಳಿಸೋಕೆ ಹೋಗಿ ಪೈಪಿನ ವಾಲ್ವನ್ನೇ ಬೇರೆಯವರ ಕೈಗೆ ಕೊಟ್ಟೆವು. ಆ 17 ಪೈಸೆಯನ್ನೂ ರೋಗಿಯ ಕೈಯಿಂದ ವಸೂಲಿ ಮಾಡಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗೆ ಒಂದು ಕೋಟಿ ಕ್ಯಾಪ್ಸೂಲ್ ಕೊಂಡರೆ ಹೆಚ್ಚುವರಿ ಖರ್ಚು 17 ಲಕ್ಷ. ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನ, ಫ್ಲೆಕ್ಸು, ಜಾಹೀರಾತಿಗೆ ಎಷ್ಟಾಗುತ್ತೋ ನೀವೇ ಯೋಚಿಸಿ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತೆ. ಕೋವಿಡ್ ಬಂದ 2020ರಲ್ಲಿ ಎಲ್ಲರಿಗೂ ಈ ಪೈಪಿನ ವಿಷಯ ಒಮ್ಮೆಲೇ ನೆನಪಾಯ್ತು. ಅದೇ ವರ್ಷ ಕೇಂದ್ರ ಸರ್ಕಾರ ಬಲ್ಕ್ ಡ್ರಗ್ ಮತ್ತು ಅವುಗಳ ಮೂಲವಸ್ತುಗಳನ್ನು ಇಲ್ಲೇ ಮಾಡೋರಿಗೆ 6,940 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆ ತಂತು. ಪಟ್ಟಿಯಲ್ಲಿ ಪೆನಿಸಿಲಿನ್-ಜಿ ಇತ್ತು. 2024ರಲ್ಲಿ ಆಂಧ್ರದ ಕಾಕಿನಾಡ ಬಳಿ ಅರಬಿಂದೋ ಫಾರ್ಮಾದ ಅಂಗಸಂಸ್ಥೆಯ ಕಾರ್ಖಾನೆ, ವರ್ಷಕ್ಕೆ 15,000 ಟನ್ ಸಾಮರ್ಥ್ಯದ್ದು, ಪೆನಿಸಿಲಿನ್-ಜಿ ಮಾಡೋಕೆ ಶುರುಮಾಡಿತು. ಆ ಸುದ್ದಿ ಓದಿದ ದಿನ ನನಗಾದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. "ಯಾವುದೋ ಪುಡಿಗೆ ಇಷ್ಟೊಂದು ಸಂಭ್ರಮನಾ?" ಅಂದಳು ಹೆಂಡತಿ.

ಆದರೆ ಆ ಯೋಜನೆಯ ಒಳಗೇ ಒಂದು ಕೊನೆಯ ದಿನಾಂಕ ಇದೆ. ಬೂಷ್ಟು ಬೆಳೆಸಿ ಮಾಡೋ ವಸ್ತುಗಳಿಗೆ ಮೊದಲ ನಾಲ್ಕು ವರ್ಷ ಮಾರಾಟದ ಶೇ. 20, ಐದನೇ ವರ್ಷ ಶೇ. 15, ಆರನೇ ವರ್ಷ ಶೇ. 5. ಆಮೇಲೆ ಸೊನ್ನೆ. ಆಮೇಲೆ ಮತ್ತೆ ಹೊರಗಿನವರು ದರ ಇಳಿಸಿದರೆ? ಕೊಳ್ಳೋರು ಅದೇ ಹಳೇ ಕೊಳ್ಳೋರು ತಾನೇ? ಟೆಂಡರಿನಲ್ಲಿ ಯಾರು ಒಂದು ಪೈಸೆ ಕಡಿಮೆ ಬರೆದರೋ ಅವರಿಗೇ ಪೂರ್ತಿ ಆರ್ಡರ್. ಅಮಾಕ್ಸಿಸಿಲಿನ್‌ಗೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿರೋದ್ರಿಂದ ಮೂಲವಸ್ತು ದುಬಾರಿಯಾದರೂ ಕಂಪನಿಯವರು ಎಂಆರ್‌ಪಿ ಏರಿಸೋ ಹಾಗಿಲ್ಲ. ಹಾಗಾಗಿ ಅವರೂ ಅಗ್ಗದ ಡ್ರಮ್ಮೇ ಹುಡುಕ್ತಾರೆ. ತಪ್ಪೂ ಅಲ್ಲ. ಒಂದು ಕೈಯಲ್ಲಿ ನೀರೆರೆದು ಇನ್ನೊಂದು ಕೈಯಲ್ಲಿ ಬೇರು ಕೀಳೋ ಕೆಲಸ ಇದು.

ನನ್ನ ಅಭಿಪ್ರಾಯ ಇಷ್ಟೇ. ಕಾರ್ಖಾನೆ ಕಟ್ಟೋಕೆ ದುಡ್ಡು ಕೊಟ್ಟರೆ ಸಾಲದು, ಮಾಲು ಕೊಳ್ಳೋ ರೀತಿ ಬದಲಾಗಬೇಕು. ಸರ್ಕಾರಿ ಟೆಂಡರಿನಲ್ಲಿ ಕ್ಯಾಪ್ಸೂಲ್ ಎಲ್ಲಿ ತುಂಬಿದ್ದು ಅಂತ ಕೇಳ್ತಾರೆ. ಅದರೊಳಗಿನ 6-ಎಪಿಎ ಎಲ್ಲಿಯದು ಅಂತಲೂ ಕೇಳಲಿ. ಪೂರ್ತಿ ಆರ್ಡರನ್ನು ಅತಿ ಕಡಿಮೆ ದರದವನಿಗೇ ಕೊಡೋ ಬದಲು ಮೂರರಲ್ಲಿ ಒಂದು ಪಾಲನ್ನು ಬೇರೆ ಮೂಲದಿಂದ ತರಿಸೋನಿಗೆ ಮೀಸಲಿಡಲಿ. ನಮ್ಮ ರಾಜ್ಯವೇ ಮೊದಲು ಮಾಡಿ ತೋರಿಸಬಹುದು. ಮೂಲ ಎರಡಿರಬೇಕು ಅನ್ನೋದು ನನ್ನ ವಾದ, ಒಂದೇ ದೇಶ ಇರಬೇಕು ಅಂತಲ್ಲ. ಬರೀ ಕಾಕಿನಾಡವನ್ನೇ ನಂಬಿ ಕೂತರೂ ನಾಳೆ ಒಂದು ಚಂಡಮಾರುತಕ್ಕೆ ಅದೇ ಗತಿ.

ಇನ್ನೊಂದು ಮಾತು. ಇದನ್ನು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಈ ಪುಡಿ ಮಾಡೋದು ಪಕ್ಕದ ಮನೆಯವರಿಗೆ ಸುಖದ ಕೆಲಸ ಅಲ್ಲ. ಬೂಷ್ಟಿನ ಕಸ, ಕೊಳೆರಸದ ನೀರು ರಾಶಿ ರಾಶಿ ಬರುತ್ತೆ. ಅದರಲ್ಲಿ ಉಳಿದ ಆಂಟಿಬಯೋಟಿಕ್ ಹಳ್ಳಕ್ಕೆ ಸೇರಿದರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಸಾಕಿದ ಹಾಗಾಗುತ್ತೆ. ಹೈದರಾಬಾದ್ ಪಕ್ಕದ ಪಟನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಸಂಸ್ಕರಿಸಿದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಸಿನ್ ಇದೆ ಅಂತ 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಬರೆದಾಗ ಜಗತ್ತೇ ದಂಗಾಯ್ತು. ಅದು ಬೇರೆ ಔಷಧ ನಿಜ, ಆದರೆ ಪಾಠ ಒಂದೇ. ನಮ್ಮ ಬೀದರಿನ ಕೊಳಾರದ ಕಡೆಯವರಿಗೂ ಔಷಧ ಕಾರ್ಖಾನೆಗಳ ವಾಸನೆಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ಒಳಗೆ ಕೆಲಸ ಮಾಡೋರ ಕಷ್ಟ ಇನ್ನೊಂದು. ಈ ಪುಡಿಯ ದೂಳು ಕೆಲವರ ಮೈಗೆ ಒಗ್ಗಲ್ಲ. 6-ಎಪಿಎ ದೂಳಿನಿಂದ ಅಸ್ತಮಾ ಬರುತ್ತೆ ಅಂತ 1970ರ ದಶಕದಲ್ಲೇ ವೈದ್ಯರು ದಾಖಲಿಸಿದ್ದಾರೆ. ಪೆನಿಸಿಲಿನ್ ಜಾತಿಯ ಔಷಧಗಳಿಗೆ ಬೇರೆಯೇ ಕಟ್ಟಡ, ಬೇರೆಯೇ ಗಾಳಿ ಇರಬೇಕು ಅನ್ನೋ ನಿಯಮವೂ ಈ ಅಲರ್ಜಿಯ ಕಾರಣಕ್ಕೇ. ನಮ್ಮ ಡ್ರೈಯರ್ ಸೆಕ್ಷನ್ನಿನಲ್ಲಿ ಒಬ್ಬ ಹುಡುಗ ಇದ್ದ, ಒಳ್ಳೇ ಕಬಡ್ಡಿ ಆಟಗಾರ. ಎರಡನೇ ವರ್ಷಕ್ಕೆ ಮೆಟ್ಟಿಲು ಹತ್ತಿದರೆ ಸುಂಯ್ ಸುಂಯ್ ಅಂತ ಎದೆ ಸದ್ದು ಮಾಡ್ತಿತ್ತು. ಕೊಟ್ಟ ಮಾಸ್ಕನ್ನು ಅವನು ಸೆಕೆಗೆ ಕತ್ತಿಗೆ ಇಳಿಸಿಕೊಳ್ತಿದ್ದ, ನಮ್ಮ ಸೂಪರ್‌ವೈಸರೂ ನೋಡಿಯೂ ನೋಡದ ಹಾಗೆ ಇದ್ದರು. ಲ್ಯಾಬಿನ ಗಾಜಿನ ಆಚೆ ಕೂತಿದ್ದ ನಾನೂ ಒಂದು ದಿನ ಹೋಗಿ ಹೇಳಲಿಲ್ಲ. ಕೊನೆಗೆ ಅವನನ್ನು ಗೇಟಿನ ಕೆಲಸಕ್ಕೆ ಹಾಕಿದರು, ಆಮೇಲೆ ಅವನು ಊರಿಗೆ ಹೋದ. ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತೆ.

ಹಾಗಾಗಿ ನಾನು ಹೇಳೋ ಆ 17 ಪೈಸೆಯಲ್ಲಿ ಕೊಳಚೆ ನೀರಿನ ಸಂಸ್ಕರಣೆಯೂ ಸೇರಬೇಕು, ಆ ಹುಡುಗನ ಒಳ್ಳೇ ಮಾಸ್ಕೂ, ದೂಳು ಎಳೆಯೋ ಫ್ಯಾನೂ ಸೇರಬೇಕು. ಇಷ್ಟು ವರ್ಷ ನಮಗೆ ಅಗ್ಗವಾಗಿ ಸಿಕ್ಕ ಪುಡಿಯ ಬೆಲೆಯಲ್ಲಿ ಒಂದು ಪಾಲನ್ನು ಯಾವುದೋ ದೂರದೂರಿನ ನದಿ, ಯಾರದೋ ಎದೆಗೂಡು ಕಟ್ಟಿರಬಹುದು. ಇಲ್ಲಿ ಮಾಡ್ತೀವಿ ಅಂದಮೇಲೆ ಆ ಪಾಲನ್ನು ನಮ್ಮ ಹಳ್ಳದ ಮೇಲೆ, ನಮ್ಮ ಹುಡುಗರ ಮೇಲೆ ಹೇರೋದು ಸರಿಯಲ್ಲ. ದುಡ್ಡು ಕೊಟ್ಟೇ ತೀರಿಸಬೇಕು.

ಕೊನೆಗೊಂದು ಹಳೇ ಕಥೆ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಟ್ಟರು. ಮುಖವೆಲ್ಲಾ ಕೀವಾಗಿ ಸಾಯೋ ಸ್ಥಿತಿಯಲ್ಲಿದ್ದ ಮನುಷ್ಯ ಕೆಲವೇ ದಿನದಲ್ಲಿ ಎದ್ದು ಕೂತ. ಆದರೆ ಔಷಧ ಮುಗೀತು. ಅವನ ಮೂತ್ರ ಸಂಗ್ರಹಿಸಿ, ಅದರಲ್ಲಿದ್ದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವನಿಗೇ ಚುಚ್ಚಿದರು. ಸಾಲಲಿಲ್ಲ. ಮಾರ್ಚಿನಲ್ಲಿ ಅವನು ಸತ್ತ. ಔಷಧ ಗೊತ್ತಿತ್ತು, ಕೆಲಸ ಮಾಡುತ್ತೆ ಅಂತಲೂ ಗೊತ್ತಾಗಿತ್ತು, ಸರಕು ಮಾತ್ರ ಇರಲಿಲ್ಲ. ಅದಾಗಿ 80 ವರ್ಷದ ಮೇಲೆ, 2022ರ ಚಳಿಗಾಲದಲ್ಲಿ, ಅಮೆರಿಕದಂಥ ಅಮೆರಿಕದಲ್ಲೇ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಸಿಗದೆ ಅಪ್ಪಅಮ್ಮಂದಿರು ಅಂಗಡಿಯಿಂದ ಅಂಗಡಿಗೆ ಅಲೆದರು. ಅಲ್ಲಿ ಕಾರಣಗಳು ಬೇರೆ ಇದ್ದವು, ಕಾಯಿಲೆ ಒಮ್ಮೆಲೇ ಜಾಸ್ತಿಯಾಗಿತ್ತು. ಆದರೆ ಔಷಧ ಗೊತ್ತಿರೋದು ಬೇರೆ, ಕೈಗೆ ಸಿಗೋದು ಬೇರೆ ಅನ್ನೋದು ಆಗಲೂ ನಿಜ, ಈಗಲೂ ನಿಜ.

ಅಂದ ಹಾಗೆ, ತಂಗಿಯ ಮಗಳು ಹುಷಾರಾಗಿದ್ದಾಳೆ. ಮೂರನೇ ದಿನಕ್ಕೇ ಜ್ವರ ಬಿಟ್ಟು ಸೋಫಾ ಮೇಲಿಂದ ಹಾರೋಕೆ ಶುರುಮಾಡಿದಳು. "ಹುಷಾರಾದ್ಳಲ್ಲಾ, ಸಿರಪ್ ನಿಲ್ಲಿಸ್ಲಾ ಅಣ್ಣಾ?" ಅಂತ ತಂಗಿ ಫೋನ್ ಮಾಡಿದಳು. "ಡಾಕ್ಟರು ಹೇಳಿದಷ್ಟು ದಿನ ಕೊಡು, ನಿಲ್ಲಿಸೋದಾದ್ರೆ ಅವರನ್ನೇ ಕೇಳಿ ನಿಲ್ಲಿಸು" ಅಂದೆ. ಸುಮ್ಮನೆ ನೆಗಡಿಗೆಲ್ಲಾ ಇದನ್ನು ಕುಡಿಸಬೇಡ ಅಂತಲೂ ಸೇರಿಸಿದೆ. ಆ ಪುಡಿ ಎಷ್ಟು ದೂರದಿಂದ, ಎಷ್ಟು ಜನರ ಕೈದಾಟಿ ಬಂದಿದೆ ಅಂತ ಹೇಳಹೊರಟೆ, ಅವಳು "ಶುರುವಾಯ್ತು ನಿನ್ನ ಪುರಾಣ" ಅಂತ ಫೋನ್ ಇಟ್ಟಳು. ಅದಕ್ಕೇ ಪುರಾಣವನ್ನು ಇಲ್ಲಿ ನಿಮ್ಮ ತಲೆಗೆ ಕಟ್ಟಿದ್ದೀನಿ :-)

ಮುಂದಿನ ಸಲ ಡ್ರೈ ಸಿರಪ್ಪಿಗೆ ನೀರು ಹಾಕಿ ಕುಲುಕುವಾಗ ಆ ಹೆಸರಿಲ್ಲದ ಬಿಳಿ ಪುಡಿಯನ್ನೂ ಒಮ್ಮೆ ನೆನೆಸಿಕೊಳ್ಳಿ. 17 ಪೈಸೆ ಜಾಸ್ತಿ ಕೊಡೋಕೆ ನಾನಂತೂ ತಯಾರು. ನೀವೇನಂತೀರಿ? ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಕಾಮೆಂಟಿನಲ್ಲಿ ಬೈಯಿರಿ, ತಿದ್ದಿಕೊಳ್ತೀನಿ. ಫಾರ್ಮಾದಲ್ಲಿ ಕೆಲಸ ಮಾಡೋ ಬ್ಲಾಗಿಗರು ಯಾರಾದ್ರೂ ಇದ್ದರೆ ನಿಮ್ಮ ಕಡೆಯ ಡ್ರಮ್ಮಿನ ಕಥೆಯನ್ನೂ ಬರೀರಿ, ಓದೋಕೆ ಕಾಯ್ತಿರ್ತೀನಿ.